ಓಎಂ1 ರಿಂದ ಓಎಂ5: 140 ಮೀಟರ್ ದಾರಿಗೆ ಯಾವ ಮಲ್ಟಿಮೋಡ್ ಕೇಬಲ್?

ನಮ್ಮ ಕಾಲೇಜಿನ ಸರ್ವರ್ ಕೋಣೆಯಿಂದ ಲ್ಯಾಬ್ ಕಟ್ಟಡಕ್ಕೆ ಕೇಬಲ್ ದಾರಿ 140 ಮೀಟರ್. ಅಲ್ಲಿ ಮೊದಲಿನಿಂದ ಇದ್ದದ್ದು ಕಿತ್ತಳೆ ಹೊದಿಕೆಯ, 62.5 ಮೈಕ್ರಾನ್ ಕೋರಿನ (ಬೆಳಕು ಸಾಗುವ ನಡುವಿನ ಗಾಜಿನ ಭಾಗ) ಓಎಂ1. ಓಎಂ1ರಿಂದ ಓಎಂ5 ಎಂಬುವು ಮಲ್ಟಿಮೋಡ್, ಅಂದರೆ ಬೆಳಕು ಹಲವು ದಾರಿಗಳಲ್ಲಿ ಸಾಗುವ, ಆಪ್ಟಿಕಲ್ ಕೇಬಲ್‌ಗಳ ದರ್ಜೆಗಳು. ಒಂದು ಗಿಗಾಬಿಟ್ ವೇಗದಲ್ಲಿ ಅದು ವರ್ಷಗಟ್ಟಲೆ ದೂರಿಲ್ಲದೆ ನಡೆದಿತ್ತು. 10 ಗಿಗಾಬಿಟ್‌ನ ಎಸ್‌ಆರ್ ಮಾಡ್ಯೂಲ್ (ಸ್ವಿಚ್‌ಗೆ ಸಿಕ್ಕಿಸುವ, ಕಡಿಮೆ ದೂರದ ಲೇಸರ್ ಘಟಕ) ಹಾಕಿದಾಗ ಲಿಂಕ್ ದೀಪವೇನೋ ಹಸಿರಾಯಿತು, ಪವರ್ ಮೀಟರಿನಲ್ಲಿ ಬೆಳಕೂ ಸಾಕಷ್ಟಿತ್ತು, ಆದರೆ ಸ್ವಿಚ್‌ನಲ್ಲಿ ಸಿಆರ್‌ಸಿ ದೋಷಗಳ (ಕೆಟ್ಟು ತಲುಪಿದ ದತ್ತಾಂಶದ) ಎಣಿಕೆ ಕಣ್ಣೆದುರೇ ಏರುತ್ತಿತ್ತು. ಕೋರಿನೊಳಗೆ ಬೇರೆ ಬೇರೆ ದಾರಿ ಹಿಡಿದ ಬೆಳಕು ಹಿಂದುಮುಂದಾಗಿ ತಲುಪಿ, ಒಂದು ಪಲ್ಸ್ ಮುಂದಿನದರ ಮೇಲೆ ಹರಡಿಕೊಳ್ಳುತ್ತಿದ್ದುದೇ ಅದಕ್ಕೆ ಕಾರಣ. ಈ ವೇಗಕ್ಕೆ ಓಎಂ1ರ ಮಿತಿ 33 ಮೀಟರ್, 50 ಮೈಕ್ರಾನಿನ ಓಎಂ2ರದು 82 ಮೀಟರ್. ಹೀಗಾಗಿ ಓಎಂ2ನ್ನು ಪರೀಕ್ಷಿಸುವ ಗೋಜಿಗೇ ನಾನು ಹೋಗಲಿಲ್ಲ.

ಲೇಸರಿಗೆಂದೇ ರೂಪಿಸಿದ ಓಎಂ3 ಮತ್ತು ಓಎಂ4 ಎರಡನ್ನೂ ಒಂದೊಂದು ರಾತ್ರಿ ಓಡಿಸಿ ನೋಡಿದೆ. ಎರಡರಲ್ಲೂ ಒಂದೇ ಒಂದು ದೋಷ ದಾಖಲಾಗಲಿಲ್ಲ. 10 ಗಿಗಾಬಿಟ್‌ಗೆ ಇವು ಕ್ರಮವಾಗಿ 300 ಮತ್ತು 400 ಮೀಟರ್ ತಲುಪುತ್ತವೆಯಾದ್ದರಿಂದ ಅದರಲ್ಲಿ ಆಶ್ಚರ್ಯವಿಲ್ಲ. ಆಯ್ಕೆಯನ್ನು ನಿರ್ಧರಿಸಿದ್ದು ಮುಂದೆ ಬರಲಿರುವ 40 ಗಿಗಾಬಿಟ್: ನಾಲ್ಕು ಜೋಡಿ ಎಳೆಗಳನ್ನು ಬಳಸುವ ಎಸ್‌ಆರ್4 ಮಾಡ್ಯೂಲಿಗೆ ಓಎಂ3ರಲ್ಲಿ 100 ಮೀಟರ್, ಓಎಂ4ರಲ್ಲಿ 150 ಮೀಟರ್. ನಮ್ಮ 140 ಮೀಟರ್ ಇವೆರಡರ ನಡುವೆ ಬೀಳುವುದರಿಂದ, ದುಬಾರಿಯಾದರೂ 12 ಎಳೆಗಳ ಓಎಂ4ನ್ನೇ ಎಳೆಸಿದೆವು. ನಮಗೆ ಬಂದ ಎರಡೂ ತಿಳಿ ನೀಲಿ ಬಣ್ಣದವೇ ಆಗಿದ್ದರಿಂದ, ಹೊದಿಕೆಯ ಮೇಲಿನ ಅಚ್ಚನ್ನು ಟಾರ್ಚ್ ಹಿಡಿದು ಓದಿಯೇ ಬೇರ್ಪಡಿಸಬೇಕಾಯಿತು.

ನಿಂಬೆ ಹಸಿರಿನ ಓಎಂ5ನ ಲಾಭವಿರುವುದು ಒಂದೇ ಜೋಡಿ ಎಳೆಯಲ್ಲಿ ನಾಲ್ಕು ತರಂಗಾಂತರಗಳನ್ನು ಕಳಿಸುವ ಮಾಡ್ಯೂಲುಗಳಿಗೆ. ಸಾಮಾನ್ಯ 100 ಗಿಗಾಬಿಟ್ ಎಸ್‌ಆರ್4ಗೆ ಅದರ ಮಿತಿಯೂ ಓಎಂ4ರಂತೆ 100 ಮೀಟರೇ ಆದ್ದರಿಂದ ಹೆಚ್ಚಿನ ಹಣ ಕೊಡಲು ನನಗೆ ಮನಸ್ಸಾಗಲಿಲ್ಲ.

ಹೊಸ ಕೇಬಲ್ ಬಂದ ಮೇಲೂ ಒಂದು ದಿನ ಲ್ಯಾಬ್ ಕಡೆಯ ಸ್ವಿಚ್‌ನಲ್ಲಿ ಮಾತ್ರ ಬೆಳಕು ಸುಮಾರು 3 ಡಿಬಿ, ಅಂದರೆ ಅರ್ಧದಷ್ಟು, ಕುಸಿದಿತ್ತು. ಸರ್ವರ್ ಕಡೆಗೆ ಬರುವ ಬೆಳಕು ಸರಿಯಾಗಿಯೇ ಇತ್ತು. ಸರ್ವರ್ ಕೋಣೆಯಲ್ಲಿ ಯಾರೋ ಹಳೆಯ ಕಿತ್ತಳೆ ಪ್ಯಾಚ್ ಕಾರ್ಡನ್ನೇ (ಸ್ವಿಚ್‌ಗೆ ಜೋಡಿಸುವ ತುಂಡು ಕೇಬಲ್) ಸಿಕ್ಕಿಸಿದ್ದರು. ಆ ಕಾರ್ಡಿನ 62.5 ಮೈಕ್ರಾನ್ ಕೋರಿನಿಂದ ಹೊಸ ಕೇಬಲಿನ 50ಕ್ಕೆ ಹೋಗುವ ಬೆಳಕು ಅಂಚಿನಲ್ಲಿ ಚೆಲ್ಲಿಹೋಗುತ್ತದೆ, 50ರಿಂದ 62.5ಕ್ಕೆ ಹೋಗುವುದು ಹೆಚ್ಚು ಚೆಲ್ಲದೆ ದಾಟುತ್ತದೆ. ಉಳಿದಿದ್ದ ಕಿತ್ತಳೆ ಕಾರ್ಡುಗಳನ್ನೆಲ್ಲ ಅಂದೇ ಕತ್ತರಿಸಿ ಬುಟ್ಟಿಗೆ ಹಾಕಿದೆ.