ಡೈವಾ ಬಿಜಿ 2500: ಶಿರಿಯ ಹೊಳೆಯ ಉಪ್ಪುನೀರಿನಲ್ಲಿ ಎರಡು ಮಳೆಗಾಲ

ಡೈವಾ ಕಂಪನಿಯ ಬಿಜಿ 2500, ಗಾಳದ ನೂಲು ಸುತ್ತುವ ಈ ರೀಲ್, ನನ್ನ ಕೈಗೆ ಬಂದು ಎರಡು ಮಳೆಗಾಲ ಕಳೆಯಿತು. ಇವತ್ತಿಗೂ ಹ್ಯಾಂಡಲ್ ತಿರುಗಿಸಿದರೆ ಕರಕರ ಸದ್ದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಇದಕ್ಕಿಂತ ಮೊದಲು ನನ್ನ ಎರಡು ರೀಲ್‌ಗಳನ್ನು ತುಕ್ಕು ತಿಂದಿತ್ತು.

ನಾನು ಕುಂಬಳೆಯಲ್ಲಿ ಟೈಲರ್. ಹಗಲು ಹೊಲಿಗೆ ಮೆಷಿನ್, ಸಂಜೆ ಅಂಗಡಿ ಬಾಗಿಲು ಹಾಕಿದ ಮೇಲೆ ಶಿರಿಯ ಹೊಳೆಯ ದಡ. ಗಾಳ ಹಾಕಲು ಕಲಿಸಿದ್ದು ಅಪ್ಪ. ಅವರಿಗೆ ರೀಲೂ ಇರಲಿಲ್ಲ, ರಾಡೂ ಇರಲಿಲ್ಲ. ಒಂದು ಮರದ ತುಂಡಿಗೆ ನೂಲು ಸುತ್ತಿಕೊಂಡು ಹೋಗುತ್ತಿದ್ದರು.

ರೀಲ್ ತಂದುಕೊಟ್ಟವನು ಅಕ್ಕನ ಮಗ. ಅವನಿರುವುದು ಅಮೆರಿಕದ ಮಿನ್ನೆಸೋಟದಲ್ಲಿ. ಅಲ್ಲಿ ವಾಲೈ ಎಂಬ ಮೀನಿಗೆ ದೊಡ್ಡ ಮರ್ಯಾದೆ. 1965ರಿಂದ ಅದು ಆ ರಾಜ್ಯದ ಅಧಿಕೃತ ಮೀನು. ಸಿಹಿನೀರಿನ ಸರೋವರದಲ್ಲಿ, ತಳದ ಹತ್ತಿರ ಓಡಾಡುತ್ತದೆ. ಸೀಸದ ತಲೆಯ ಸಣ್ಣ ಗಾಳವನ್ನು ತಳ ಮುಟ್ಟಿಸಿ, ಮೆಲ್ಲಗೆ ಎತ್ತಿ ಇಳಿಸುತ್ತಾ ಹಿಡಿಯಬೇಕಂತೆ. ಅದು ಕಚ್ಚಿದ್ದು ಕೆಲವೊಮ್ಮೆ ಕೈಗೆ ಗೊತ್ತೇ ಆಗುವುದಿಲ್ಲ. ನೂಲು ಸ್ವಲ್ಪ ಭಾರವಾದ ಹಾಗೆ ಅನಿಸುತ್ತದೆ, ಅಷ್ಟೇ. ಹಾಗಾಗಿ ಅಲ್ಲಿನವರು ತೆಳು ನೂಲು ಹಾಕುತ್ತಾರೆ, 6ರಿಂದ 10 ಪೌಂಡ್ ಭಾರ ತಡೆಯುವಂಥದ್ದು. ರೀಲ್ 2000 ಅಥವಾ 2500 ಸೈಜು, ಆದಷ್ಟು ಹಗುರ. ಈ ಬಿಜಿ ಸುಮಾರು ಕಾಲು ಕಿಲೋ ಇದೆ. ಬಾಡಿ ಅಲ್ಯೂಮಿನಿಯಂ. ಬೆಳಗಿಂದ ಸಂಜೆಯವರೆಗೆ ದೋಣಿಯಲ್ಲಿ ಕೂತು ಆಡಿಸುವವನಿಗೆ ಭಾರವೇ. "ಮಾವ, ಇದು ನನ್ನ ಮೀನಿಗೆ ಜಾಸ್ತಿಯಾಯ್ತು, ನಿಮ್ಮ ಹೊಳೆಗೆ ಸರಿಹೋದೀತು" ಎಂದು ಕೊಟ್ಟ. ಅಲ್ಲಿ ಇದಕ್ಕೆ ಅವನು ಕೊಟ್ಟದ್ದು ನೂರು ಡಾಲರ್ ಹತ್ತಿರ.

ಅವನು ಹೇಳಿದ್ದು ಸರಿಯಾಯಿತು. ನಮ್ಮ ಅಳಿವೆಯ ಮೀನು ಬೇರೆ. ನಾನು ಹುಡುಕುವುದು ಕಾಳಾಂಜಿಯನ್ನು. ಬ್ಯಾರಮಂಡಿ ಎಂದು ಹೊರಗಿನವರು ಕರೆಯುವುದು ಇದನ್ನೇ. ಕಾಂಡ್ಲಾ ಗಿಡದ ಬೇರಿನ ಸಂದಿಯಲ್ಲಿ ನಿಂತಿರುತ್ತದೆ, ಕಚ್ಚಿದ ಕೂಡಲೇ ಬೇರಿನೊಳಗೆ ನುಗ್ಗುತ್ತದೆ. ಇಲ್ಲಿ ರೀಲಿಗೆ ನಾಜೂಕಿಗಿಂತ ಗಟ್ಟಿತನ ಬೇಕು. ಒಂದು ವಿಷಯದಲ್ಲಿ ಮಾತ್ರ ಎರಡೂ ಮೀನು ನೆಂಟರ ಹಾಗೆ. ವಾಲೈ ಕಣ್ಣಿನ ಹಿಂದೆ ಬೆಳಕನ್ನು ಹಿಂದಕ್ಕೆ ಹೊಡೆಯುವ ಪೊರೆ ಇದೆ, ಮಂದ ಬೆಳಕಿನಲ್ಲಿ ಅದಕ್ಕೆ ಚೆನ್ನಾಗಿ ಕಾಣುತ್ತದೆ. ಕಾಳಾಂಜಿಯ ಕಣ್ಣಿಗೂ ಟಾರ್ಚ್ ಬಿಟ್ಟು ನೋಡಿ, ಕೆಂಡದ ಹಾಗೆ ಹೊಳೆಯುತ್ತದೆ. ಇಬ್ಬರಿಗೂ ಮುಸ್ಸಂಜೆಯೇ ಊಟದ ಹೊತ್ತು.

ಹೋದ ನವೆಂಬರಿನ ಒಂದು ಸಂಜೆ, ಉಬ್ಬರ ಏರುತ್ತಿದ್ದಾಗ, ಲ್ಯೂರನ್ನು, ಅಂದರೆ ಮೀನಿನ ಹಾಗೆ ಕಾಣುವ ಕೃತಕ ಇರೆಯನ್ನು, ಬೇರಿನ ಅಂಚಿಗೆ ಬಿಟ್ಟೆ. ಮೂರನೇ ಎಸೆತಕ್ಕೆ ಹಿಡಿಯಿತು. ನೀರಿನಿಂದ ಮೇಲೆ ಹಾರಿ ತಲೆ ಒದರಿತು, ಕಿವಿರು ಅಗಲಿಸಿ. ಆಮೇಲೆ ಬೇರಿನ ಕಡೆಗೆ ಓಟ. ಮೀನು ಎಳೆದಾಗ ನೂಲನ್ನು ಹಿಡಿದು ಹಿಡಿದು ಬಿಡುವ ಬಿಗಿ, ಅದೇ ಡ್ರ್ಯಾಗ್, ಬಿಟ್ಟುಕೊಟ್ಟ ರೀತಿ ನೋಡಬೇಕಿತ್ತು! ಜಗ್ಗಿದ್ದಿಲ್ಲ, ತಡವರಿಸಿದ್ದಿಲ್ಲ, ಒಂದೇ ಸಮನೆ ನೂಲು ಹೋಯಿತು. ಬೇರಿಗೆ ಎರಡು ಮಾರು ಇರುವಾಗ ಮೀನು ತಿರುಗಿತು. ಮನೆಯಲ್ಲಿ ತೂಗಿದಾಗ 3 ಕಿಲೋ 200 ಗ್ರಾಂ.

ಡ್ರ್ಯಾಗ್ ಅಂದರೆ ಏನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಹೊಲಿಗೆ ಮೆಷಿನ್ನಿನ ಟೆನ್ಶನ್ ಡಿಸ್ಕೇ ಅದು. ಎರಡು ಬಿಲ್ಲೆಗಳ ನಡುವೆ ನೂಲು, ಹಿಂದೆ ಸ್ಪ್ರಿಂಗ್, ಮುಂದೆ ತಿರುಪು. ಬಿಗಿ ಜಾಸ್ತಿಯಾದರೆ ನೂಲು ತುಂಡು, ಕಡಿಮೆಯಾದರೆ ಹೊಲಿಗೆ ಸಡಿಲ. ರೀಲಿನಲ್ಲಿ ಬಿಲ್ಲೆಗಳು ನೂಲನ್ನು ಹಿಡಿಯುವುದಿಲ್ಲ, ನೂಲು ಸುತ್ತಿದ ಉರುಳೆಯನ್ನು, ಅಂದರೆ ಸ್ಪೂಲನ್ನು, ಹಿಡಿಯುತ್ತವೆ. ಇಷ್ಟೇ ವ್ಯತ್ಯಾಸ. ಈ ರೀಲಿನಲ್ಲಿ ಬಿಲ್ಲೆ ಕಾರ್ಬನ್ನಿನದು. ಪೂರ್ತಿ ಬಿಗಿದರೆ 6 ಕಿಲೋವರೆಗೆ ತಡೆಯುತ್ತದೆ ಎಂದು ಕಂಪನಿ ಹೇಳುತ್ತದೆ. ಅಷ್ಟು ಬೇಡವೇ ಬೇಡ. ನನ್ನ ಬ್ರೇಡ್ ನೂಲು (ಎಳೆ ಎಳೆ ಹೆಣೆದದ್ದು) 15 ಪೌಂಡಿನದು, ಅಂದರೆ ಸುಮಾರು 6.8 ಕಿಲೋ ತಡೆಯುವಂಥದ್ದು. ಅದರ ಕಾಲು ಭಾಗಕ್ಕೆ ಡ್ರ್ಯಾಗ್ ಇಡುತ್ತೇನೆ. ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ನೂಲು ಕಟ್ಟಿ ಎಳೆದು, ಒಂದೂಮುಕ್ಕಾಲು ಕಿಲೋಗೆ ಸ್ಪೂಲ್ ತಿರುಗಲು ಶುರುವಾದರೆ ಸರಿ. ಬೆರಳ ಅಂದಾಜನ್ನು ನಂಬಬೇಡಿ.

ನೂಲು ಸುತ್ತುವುದೂ ಬಾಬಿನ್ ಸುತ್ತಿದ ಹಾಗೇ. ಸಡಿಲ ಸುತ್ತಿದರೆ ಗಂಟು ಗ್ಯಾರಂಟಿ. ಬ್ರೇಡ್ ಜಾರುತ್ತದೆ, ಅದಕ್ಕೆ ಸ್ಪೂಲಿನ ಮೇಲೆ ಮೊದಲು ಹತ್ತಿಪ್ಪತ್ತು ಸುತ್ತು ಸಾದಾ ನೈಲಾನ್ ಹಾಕಿ. ಸ್ಪೂಲಿನ ಅಂಚಿಗೆ ಎರಡು ಮಿಲಿಮೀಟರ್ ಇರುವಾಗ ನಿಲ್ಲಿಸಿ. ಎಸೆದ ಮೇಲೆ ಬೇಲ್ ಕಂಬಿಯನ್ನು, ಅಂದರೆ ನೂಲನ್ನು ಸ್ಪೂಲಿಗೆ ಸುತ್ತಿಸುವ ಬಾಗಿದ ಕಂಬಿಯನ್ನು, ಕೈಯಿಂದಲೇ ಮುಚ್ಚಿ. ಹ್ಯಾಂಡಲ್ ತಿರುಗಿಸಿ ಟಕ್ ಎಂದು ಮುಚ್ಚಿದರೆ ನೂಲಿಗೆ ಮುರಿ ಬೀಳುತ್ತದೆ, ಕಂಬಿಯ ಸ್ಪ್ರಿಂಗೂ ಸವೆಯುತ್ತದೆ.

ಈಗ ನಿಜವಾದ ವಿಷಯ, ಉಪ್ಪು. ನನ್ನ ಮೊದಲ ರೀಲ್ ಯಾವ ಕಂಪನಿಯದ್ದು ಎಂದು ಹೇಳುವುದಿಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ ಅದರ ಹ್ಯಾಂಡಲ್ ಹಿಡಿದುಕೊಂಡಿತು. ಬಿಚ್ಚಿ ನೋಡಿದರೆ ಒಳಗಿನ ಗ್ರೀಸ್ ನೀರು ಸೇರಿ ಬೆಣ್ಣೆಯ ಹಾಗೆ ಬೆಳ್ಳಗಾಗಿತ್ತು. ಬೇರಿಂಗ್ ಕಂದು ಪುಡಿ ಉದುರಿಸುತ್ತಿತ್ತು. ತೊಳೆಯುತ್ತಿದ್ದೆ, ಆದರೆ ನಳ್ಳಿಯ ಕೆಳಗೆ ಹಿಡಿದು ಜೋರಾಗಿ. ಆ ನೀರೇ ಹೊರಗಿನ ಉಪ್ಪನ್ನು ಒಳಗೆ ದೂಡಿತ್ತು.

ಬಿಜಿ ಕೂಡ ಪೂರ್ತಿ ಸೀಲ್ ಆದ ರೀಲ್ ಅಲ್ಲ. ನೀರಿನಲ್ಲಿ ಮುಳುಗಿಸಲೇಬಾರದು. ನಾನು ಈಗ ಮಾಡುವುದು ಹೀಗೆ: ಹೊಳೆಯಿಂದ ಬಂದವನೇ ಡ್ರ್ಯಾಗ್ ತಿರುಪು ಪೂರ್ತಿ ಬಿಗಿ ಮಾಡುತ್ತೇನೆ, ಬಿಲ್ಲೆಗಳ ನಡುವೆ ನೀರು ಹೋಗದಿರಲಿ ಎಂದು. ಬಟ್ಟೆ ಇಸ್ತ್ರಿ ಮಾಡುವಾಗ ನೀರು ಚಿಮುಕಿಸುವ ಬಾಟಲಿಯಿಂದ ಮೆಲ್ಲಗೆ ಚಿಮುಕಿಸಿ ಒರೆಸುತ್ತೇನೆ. ಏಪ್ರಿಲ್ ಕಳೆದರೆ ನಮ್ಮ ಬಾವಿಗೂ ಉಪ್ಪು ಹತ್ತುತ್ತದೆ, ಆಗ ಕುಡಿಯುವ ನೀರೇ ಬೇಕು. ಒರೆಸಿದ ಮೇಲೆ ಡ್ರ್ಯಾಗ್ ಪೂರ್ತಿ ಸಡಿಲ ಬಿಟ್ಟು ನೆರಳಲ್ಲಿ ಒಣಗಿಸುತ್ತೇನೆ. ಬಿಗಿ ಹಾಗೇ ಬಿಟ್ಟರೆ ಬಿಲ್ಲೆ ಒತ್ತಿ ಹೋಗುತ್ತದೆ, ಮುಂದಿನ ಸಲ ನೂಲು ಜಗ್ಗಿ ಜಗ್ಗಿ ಬರುತ್ತದೆ.

ನೂಲು ಹಾದುಹೋಗುವ ಸಣ್ಣ ರೋಲರ್ ಇದೆಯಲ್ಲ, ಕಂಬಿಯ ತುದಿಯಲ್ಲಿ, ಎಲ್ಲಕ್ಕಿಂತ ಮೊದಲು ಕೆಡುವುದು ಅದು. ಉಪ್ಪುನೀರು ನೇರವಾಗಿ ಅಲ್ಲಿಗೇ ಬರುತ್ತದೆ. ಬೆರಳಿನಿಂದ ತಿರುಗಿಸಿ ನೋಡಿ. ತಿರುಗದಿದ್ದರೆ ನೂಲು ಅದರ ಮೇಲೆ ಉಜ್ಜಿ ಹಾಳಾಗುತ್ತದೆ. ಎರಡು ಮೂರು ಸಲ ಹೋಗಿ ಬಂದ ಮೇಲೆ ಒಂದು ಹನಿ ಮೆಷಿನ್ ಎಣ್ಣೆ ಬಿಡುತ್ತೇನೆ, ಸೂಜಿಯ ತುದಿಯಿಂದ. ಹ್ಯಾಂಡಲ್ ಹಿಡಿಕೆಗೂ ಒಂದು ಹನಿ. ಒಳಗಿನ ಗಿಯರಿಗೆ ಎಣ್ಣೆ ಸಾಲದು, ಗ್ರೀಸೇ ಬೇಕು. ಆದರೆ ಹ್ಯಾಂಡಲ್ ಹಿಂದಕ್ಕೆ ತಿರುಗದಂತೆ ತಡೆಯುವ ಬೇರಿಂಗಿಗೆ ಗ್ರೀಸ್ ತಾಗಿಸಲೇಬೇಡಿ. ಗ್ರೀಸ್ ಹತ್ತಿದರೆ ಅದು ಜಾರುತ್ತದೆ, ಮೀನು ಎಳೆದಾಗ ಹ್ಯಾಂಡಲ್ ಸುಮ್ನೆ ಹಿಂದಕ್ಕೆ ಹೋಗುತ್ತದೆ. ವರ್ಷಕ್ಕೊಮ್ಮೆ, ಮಳೆ ಮುಗಿದ ಮೇಲೆ ಬಿಚ್ಚುತ್ತೇನೆ. ಬಿಚ್ಚುವಾಗ ಒಂದೊಂದು ತುಂಡನ್ನೂ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಜೋಡಿಸುವಾಗ ಅದೇ ದಾರಿ ತೋರಿಸುತ್ತದೆ.

ಎರಡು ಮಳೆಗಾಲದಲ್ಲಿ ಬದಲಾಯಿಸಿದ್ದು ಆ ರೋಲರಿನ ಬೇರಿಂಗ್ ಒಂದೇ. ಅಷ್ಟು ಉಪ್ಪು ಕುಡಿದ ಜಾಗಕ್ಕೆ ಅದು ಸಹಜ.

ಕೆರೆಯಲ್ಲೋ ಅಣೆಕಟ್ಟಿನಲ್ಲೋ ಸಣ್ಣ ಮೀನು ಹಿಡಿಯುವವರಿಗೆ ಈ ರೀಲ್ ಬೇಡ, ಇನ್ನೂ ಹಗುರದ್ದು ಸಾಕು. ಮೊಗ್ರಾಲ್, ಚಂದ್ರಗಿರಿ, ಉಪ್ಪಳದ ಅಳಿವೆಗಳಲ್ಲಿ ದಡದಿಂದ ಹಿಡಿಯುವವರಿಗೆ ಕಣ್ಣು ಮುಚ್ಚಿ ಹೇಳುತ್ತೇನೆ, ತಗೊಳ್ಳಿ. ಬಂಡೆಯ ಮೇಲಿಂದ ಕಡಲಿಗೆ ಎಸೆಯುವವರಾದರೆ ಇದರದ್ದೇ 4000 ಸೈಜು ನೋಡಿ. ಅಂಗಡಿಯಲ್ಲಿ ಕೊಳ್ಳುವಾಗ ಹ್ಯಾಂಡಲ್ ತಿರುಗಿಸಿ ನೋಡಿದರೆ ಸಾಲದು, ಹೊಸದೆಲ್ಲ ನುಣುಪಾಗಿಯೇ ತಿರುಗುತ್ತದೆ, ಅಲ್ವಾ? ಡ್ರ್ಯಾಗ್ ಅರ್ಧ ಬಿಗಿ ಮಾಡಿ, ನೂಲನ್ನು ತುಂಬಾ ನಿಧಾನ ಎಳೆಯಿರಿ. ಮೊದಲ ಒಂದು ಇಂಚು ಜರ್ಕ್ ಇಲ್ಲದೆ ಬಂದರೆ ದುಡ್ಡು ಕೊಡಿ.