ಗುಂಪಿನ ಮಾಹಿತಿ ಕೇಳಿದರೆ ಸಿಸ್ಟಂ ಲೈಬ್ರರಿ ಎಷ್ಟು ಹೇಳುತ್ತದೆ? ಪೈಥಾನ್‌ನ ಜಿಆರ್‌ಪಿ ಮಾಡ್ಯೂಲ್ ಮತ್ತು ಅದರ ಹಿಂದಿನ ಸಿ ಫಂಕ್ಷನ್‌ಗಳ ವಿಮರ್ಶೆ

ಯುನಿಕ್ಸ್ ಮಾದರಿಯ ಗಣಕದಲ್ಲಿ ಯಾವ ಫೈಲನ್ನು ಯಾರು ಓದಬಹುದು, ಯಾವ ಸಾಧನವನ್ನು ಯಾರು ಬಳಸಬಹುದು ಎಂಬುದರಲ್ಲಿ ಹೆಚ್ಚಿನದನ್ನು ಬಳಕೆದಾರರ ಗುಂಪುಗಳೇ ತೀರ್ಮಾನಿಸುತ್ತವೆ. ಕಾರ್ಯವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ಗೊತ್ತಿರುವುದು ಗುಂಪಿನ ಸಂಖ್ಯೆ ಮಾತ್ರ. ಆ ಸಂಖ್ಯೆಯ ಹೆಸರೇನು, ಆ ಗುಂಪಿನಲ್ಲಿ ಯಾರಿದ್ದಾರೆ ಎಂಬ ವಿವರ ಬೇಕಾದಾಗ ಪ್ರೋಗ್ರಾಂ ಸಿ ಲೈಬ್ರರಿಯ, ಅಂದರೆ ಸಿ ಭಾಷೆಯ ಸಿದ್ಧ ಫಂಕ್ಷನ್‌ಗಳ ಸಂಗ್ರಹದ, ಮೊರೆಹೋಗಬೇಕು. ಪೈಥಾನ್‌ನಲ್ಲಿ ಬರೆಯುವವರಿಗೆ ಈ ಸೇವೆ ಜಿಆರ್‌ಪಿ ಎಂಬ ಚಿಕ್ಕ ಮಾಡ್ಯೂಲ್ ಮೂಲಕ ಸಿಗುತ್ತದೆ. ಸಂಖ್ಯೆಯಿಂದ ಹೆಸರನ್ನೋ ಹೆಸರಿನಿಂದ ಸಂಖ್ಯೆಯನ್ನೋ ತಿಳಿಯಲು ಇದಕ್ಕಿಂತ ಸರಳವಾದ ಸಾಧನವಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. ಆದರೆ ಗುಂಪಿನ ಸದಸ್ಯರ ಪಟ್ಟಿಗಾಗಿ ಇದನ್ನೊಂದನ್ನೇ ನಂಬಿ ಅನುಮತಿಯ ನಿರ್ಧಾರ ಮಾಡುವ ಪ್ರೋಗ್ರಾಂ ಇಂದಲ್ಲ ನಾಳೆ ತಪ್ಪು ಉತ್ತರ ಕೊಡುವುದು ಖಚಿತ.

ಮಾಡ್ಯೂಲ್‌ನಲ್ಲಿರುವುದು ಮೂರೇ ಫಂಕ್ಷನ್‌ಗಳು: ಹೆಸರು ಕೊಟ್ಟು ಹುಡುಕುವ ಗೆಟ್‌ಜಿಆರ್‌ನ್ಯಾಮ್, ಸಂಖ್ಯೆ ಕೊಟ್ಟು ಹುಡುಕುವ ಗೆಟ್‌ಜಿಆರ್‌ಜಿಐಡಿ, ಎಲ್ಲವನ್ನೂ ಪಟ್ಟಿ ಮಾಡುವ ಗೆಟ್‌ಜಿಆರ್‌ಆಲ್. ಹಿಂತಿರುಗುವ ದಾಖಲೆಯಲ್ಲಿ ಹೆಸರು, ಪಾಸ್‌ವರ್ಡ್, ಸಂಖ್ಯೆ, ಸದಸ್ಯರು ಎಂಬ ನಾಲ್ಕು ಅಂಶಗಳಿರುತ್ತವೆ. ಇಟಿಸಿ ಡೈರೆಕ್ಟರಿಯ ಗ್ರೂಪ್ ಫೈಲ್‌ನ ಪ್ರತಿ ಸಾಲಿನಲ್ಲಿ ಕೋಲನ್ ಚಿಹ್ನೆಯಿಂದ ಬೇರ್ಪಟ್ಟ ನಾಲ್ಕು ಭಾಗಗಳಿರುವುದೂ ಇದೇ ಕ್ರಮದಲ್ಲಿ. ಪಾಸ್‌ವರ್ಡ್ ಭಾಗ ಇಂದು ಹೆಸರಿಗಷ್ಟೇ ಇದ್ದು, ಅಲ್ಲಿ ಸಾಮಾನ್ಯವಾಗಿ ಎಕ್ಸ್ ಅಕ್ಷರವೊಂದೇ ಕಾಣಿಸುತ್ತದೆ. ಪೈಥಾನ್ 3.10 ರಿಂದ ಗೆಟ್‌ಜಿಆರ್‌ಜಿಐಡಿಗೆ ಪೂರ್ಣಾಂಕವನ್ನೇ ಕೊಡಬೇಕು. ಸ್ಟ್ರಿಂಗ್ (ಅಕ್ಷರಗಳ ಸಾಲು) ಕೊಟ್ಟರೆ ಟೈಪ್‌ಎರರ್ ಎಂಬ ದೋಷ ಬರುತ್ತದೆ. ಇದು ಒಳ್ಳೆಯ ಬಿಗಿ. ವಿಂಡೋಸ್‌ನಲ್ಲಿ ಈ ಮಾಡ್ಯೂಲ್ ಇಲ್ಲವೇ ಇಲ್ಲ, ಆದ್ದರಿಂದ ಎರಡೂ ಕಡೆ ಓಡಬೇಕಾದ ಪ್ರೋಗ್ರಾಂನಲ್ಲಿ ಇಂಪೋರ್ಟ್ ಮಾಡುವ ಸಾಲಿಗೇ ರಕ್ಷಣೆ ಬೇಕು.

ಸದಸ್ಯರ ಪಟ್ಟಿಯ ವಿಷಯವನ್ನು ವಿವರವಾಗಿಯೇ ನೋಡಬೇಕು, ಏಕೆಂದರೆ ಈ ಸೇವೆಯ ದೊಡ್ಡ ಮಿತಿ ಇರುವುದು ಅಲ್ಲಿ. ಒಂದು ಸರ್ವರ್‌ನಲ್ಲಿ ‘ಲೆಕ್ಕಪತ್ರ’ ಎಂಬ ಗುಂಪಿದ್ದು ಅದರ ಸಂಖ್ಯೆ 1500 ಎಂದುಕೊಳ್ಳೋಣ. ಮೀರಾ ಎಂಬ ಬಳಕೆದಾರರ ಪ್ರಾಥಮಿಕ ಗುಂಪು (ಖಾತೆಗೇ ಅಂಟಿಕೊಂಡಿರುವ ಮುಖ್ಯ ಗುಂಪು) ಅದೇ ಆಗಿದ್ದರೆ, 1500 ಎಂಬ ಸಂಖ್ಯೆ ಪಾಸ್‌ವರ್ಡ್ ಫೈಲ್‌ನಲ್ಲಿರುವ ಮೀರಾ ಅವರ ಸಾಲಿನಲ್ಲಿ ಇರುತ್ತದೆಯೇ ಹೊರತು, ಗ್ರೂಪ್ ಫೈಲ್‌ನ ಲೆಕ್ಕಪತ್ರ ಸಾಲಿನಲ್ಲಿ ಅವರ ಹೆಸರು ಇರಬೇಕೆಂದೇನೂ ಇಲ್ಲ, ಸಾಮಾನ್ಯವಾಗಿ ಇರುವುದೂ ಇಲ್ಲ. ಈಗ ಗೆಟ್‌ಜಿಆರ್‌ನ್ಯಾಮ್‌ಗೆ ‘ಲೆಕ್ಕಪತ್ರ’ ಎಂದು ಕೊಟ್ಟು ಸದಸ್ಯರನ್ನು ಕೇಳಿದರೆ ಬರುವ ಪಟ್ಟಿಯಲ್ಲಿ ಮೀರಾ ಅವರ ಹೆಸರಿರುವುದಿಲ್ಲ. ಮೀರಾ ಆ ಗುಂಪಿನ ಫೈಲ್‌ಗಳನ್ನು ನಿರಾತಂಕವಾಗಿ ತೆರೆಯುತ್ತಾರೆ, ಕರ್ನಲ್ ಅದಕ್ಕೆ ಒಪ್ಪುತ್ತದೆ, ಆದರೆ ನಮ್ಮ ಪ್ರೋಗ್ರಾಂ ಮಾತ್ರ ಅವರನ್ನು ಹೊರಗಿನವರೆಂದು ತಿಳಿಯುತ್ತದೆ. ಪೈಥಾನ್‌ನ ಅಧಿಕೃತ ಕೈಪಿಡಿ ಈ ಸಂಗತಿಯನ್ನು ಮುಚ್ಚಿಟ್ಟಿಲ್ಲ, ಮಾಡ್ಯೂಲ್‌ನ ವಿವರಣೆಯಲ್ಲೇ ಒಂದು ವಾಕ್ಯದಲ್ಲಿ ಹೇಳಿದೆ. ಆದರೂ ಇಷ್ಟು ಮುಖ್ಯವಾದ ಎಚ್ಚರಿಕೆ ಆವರಣದೊಳಗಿನ ಮಾತಾಗಿ ಉಳಿದಿರುವುದು ನನಗೆ ಸರಿಕಾಣುವುದಿಲ್ಲ.

ಹಾಗಾದರೆ ಪಾಸ್‌ವರ್ಡ್ ದಾಖಲೆಗಳನ್ನೆಲ್ಲ ಒಮ್ಮೆ ಜಾಲಾಡಿ, 1500 ಪ್ರಾಥಮಿಕ ಗುಂಪಾಗಿರುವವರನ್ನು ಈ ಪಟ್ಟಿಗೆ ಸೇರಿಸಿಕೊಂಡರೆ ಸಾಕಲ್ಲವೇ? ಎಲ್ಲ ಬಳಕೆದಾರರೂ ಅದೇ ಯಂತ್ರದ ಫೈಲ್‌ಗಳಲ್ಲಿ ಇರುವಾಗ ಸಾಕು. ಆದರೆ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಸುವ ಸಿ ಲೈಬ್ರರಿಯಾದ ಜಿಲಿಬ್‌ಸಿ ಫೈಲ್‌ ಒಂದನ್ನೇ ಓದುವುದಿಲ್ಲ. ವಿವರವನ್ನು ಎಲ್ಲೆಲ್ಲಿ ಹುಡುಕಬೇಕೆಂದು ತೀರ್ಮಾನಿಸುವ ಎನ್‌ಎಸ್‌ಎಸ್ ಎಂಬ ವ್ಯವಸ್ಥೆಯ ಮೂಲಕ, ಎನ್‌ಎಸ್‌ಸ್ವಿಚ್ ಸಂರಚನಾ ಫೈಲ್‌ನಲ್ಲಿ ‘ಗ್ರೂಪ್’ ಎಂದು ಆರಂಭವಾಗುವ ಸಾಲಿನಲ್ಲಿರುವ ಕ್ರಮದಂತೆ, ಮೊದಲು ಫೈಲ್, ನಂತರ ಎಸ್‌ಎಸ್‌ಎಸ್‌ಡಿ ಅಥವಾ ಎಲ್‌ಡಿಎಪಿ (ಬೇರೆ ಸರ್ವರ್‌ನಲ್ಲಿರುವ ಬಳಕೆದಾರರ ವಿವರವನ್ನು ತರುವ ಸೇವೆಗಳು), ಹೀಗೆ ಒಂದೊಂದೇ ಮೂಲವನ್ನು ವಿಚಾರಿಸುತ್ತದೆ. ದೊಡ್ಡ ಸಂಸ್ಥೆಗಳಲ್ಲಿ ಬಳಕೆದಾರರ ವಿವರ ಕೇಂದ್ರ ಡೈರೆಕ್ಟರಿ ಸರ್ವರ್‌ನಲ್ಲಿರುತ್ತದೆ. ಎಸ್‌ಎಸ್‌ಎಸ್‌ಡಿಯಲ್ಲಿ ಎಲ್ಲ ದಾಖಲೆಗಳನ್ನೂ ಪಟ್ಟಿ ಮಾಡುವ ಸೌಲಭ್ಯ ಮೂಲ ಸಂರಚನೆಯಲ್ಲಿ ಮುಚ್ಚಿಯೇ ಇರುತ್ತದೆ; ಸಾವಿರಾರು ಜನರ ಪಟ್ಟಿಯನ್ನು ಪದೇ ಪದೇ ಎಳೆದುಕೊಂಡರೆ ಸರ್ವರ್ ಮೇಲೆ ಬೀಳುವ ಹೊರೆಯನ್ನು ನೆನೆದರೆ ಅದು ಸರಿಯಾದ ನಿರ್ಧಾರವೇ. ಪರಿಣಾಮವಾಗಿ, ಹೆಸರು ಹೇಳಿ ಕೇಳಿದರೆ ಸಿಗುವ ಗುಂಪು ಗೆಟ್‌ಜಿಆರ್‌ಆಲ್ ಕೊಡುವ ಪಟ್ಟಿಯಲ್ಲಿ ಕಾಣಿಸುವುದಿಲ್ಲ, ಹೆಸರು ಹೇಳಿ ಕೇಳಿದರೆ ಸಿಗುವ ಬಳಕೆದಾರರೂ ಜಾಲಾಡುವಾಗ ಸಿಗುವುದಿಲ್ಲ. ಗೆಟ್‌ಜಿಆರ್‌ಆಲ್ ಫಂಕ್ಷನ್ನನ್ನು ನಾನು ಸ್ವಂತ ಯಂತ್ರದ ತಪಾಸಣೆಗೆ ಬಿಟ್ಟು ಬೇರೆ ಯಾವುದಕ್ಕೂ ಶಿಫಾರಸು ಮಾಡಲಾರೆ.

ಆದ್ದರಿಂದ ಕೇಳುವ ಪ್ರಶ್ನೆಯನ್ನೇ ತಿರುಗಿಸಬೇಕು. ಗುಂಪಿನಲ್ಲಿ ಯಾರಿದ್ದಾರೆ ಎಂದು ಕೇಳುವ ಬದಲು, ಈ ಬಳಕೆದಾರರು ಯಾವ ಯಾವ ಗುಂಪಿನಲ್ಲಿದ್ದಾರೆ ಎಂದು ಕೇಳಿದರೆ ಲೈಬ್ರರಿ ಪೂರ್ಣವಾದ ಉತ್ತರ ಕೊಡಲು ಶಕ್ತವಾಗಿದೆ. ಇದಕ್ಕೆ ಇರುವುದು ಗೆಟ್‌ಗ್ರೂಪ್‌ಲಿಸ್ಟ್. ಇದು ಯುನಿಕ್ಸ್ ಮಾದರಿಯ ವ್ಯವಸ್ಥೆಗಳ ಪೋಸಿಕ್ಸ್ ಮಾನಕದಲ್ಲಿಲ್ಲ, ಬಿಎಸ್‌ಡಿ ಎಂಬ ಯುನಿಕ್ಸ್ ಪ್ರಭೇದದಿಂದ ಬಂದದ್ದು, ಪೈಥಾನ್‌ನಲ್ಲಿ 3.3 ರಿಂದ ಇದೆ, ಆದರೆ ಜಿಆರ್‌ಪಿ ಮಾಡ್ಯೂಲ್‌ನಲ್ಲಲ್ಲ, ಓಎಸ್ ಮಾಡ್ಯೂಲ್‌ನಲ್ಲಿ. ಜಿಆರ್‌ಪಿ ಪುಟವನ್ನಷ್ಟೇ ಓದಿದವರ ಕಣ್ಣಿಗೆ ಬೀಳದೆ ಹೋಗುವ ಸಾಧ್ಯತೆಯೇ ಹೆಚ್ಚು. ಪಾಸ್‌ವರ್ಡ್ ದಾಖಲೆಗಳನ್ನು ಓದುವ ಪಿಡಬ್ಲ್ಯುಡಿ ಮಾಡ್ಯೂಲ್‌ನಿಂದ ಬಳಕೆದಾರರ ಪ್ರಾಥಮಿಕ ಗುಂಪಿನ ಸಂಖ್ಯೆಯನ್ನು ಪಡೆದು, ಹೆಸರು ಮತ್ತು ಆ ಸಂಖ್ಯೆ ಎರಡನ್ನೂ ಕೊಟ್ಟರೆ, ಪ್ರಾಥಮಿಕ ಗುಂಪನ್ನೂ ಒಳಗೊಂಡ ಸಂಖ್ಯೆಗಳ ಪಟ್ಟಿ ಬರುತ್ತದೆ. ಮೀರಾ ಅವರ ವಿಷಯದಲ್ಲಿ 1500 ಅದರಲ್ಲಿ ಇದ್ದೇ ಇರುತ್ತದೆ. ಪ್ರತಿಯೊಂದು ಸಂಖ್ಯೆಗೂ ಹೆಸರು ಬೇಕೆಂದರೆ ಆಗ ಗೆಟ್‌ಜಿಆರ್‌ಜಿಐಡಿಯನ್ನು ಕರೆಯಬಹುದು. ಕೆಲವು ಸಂಖ್ಯೆಗಳಿಗೆ ಹೆಸರೇ ಇಲ್ಲದಿರಬಹುದು, ಅದಕ್ಕೂ ಪ್ರೋಗ್ರಾಂ ಸಿದ್ಧವಾಗಿರಲಿ. ಕಂಟೇನರ್‌ಗಳಲ್ಲಿ, ಅಂದರೆ ಪ್ರೋಗ್ರಾಂ ಓಡಲು ಕಟ್ಟಿದ ಪ್ರತ್ಯೇಕ ಆವರಣಗಳಲ್ಲಿ, ಇದು ದಿನನಿತ್ಯದ ಸಂಗತಿ.

ಗೆಟ್‌ಗ್ರೂಪ್‌ಲಿಸ್ಟ್‌ಗೂ ಗೆಟ್‌ಗ್ರೂಪ್ಸ್‌ಗೂ ಇರುವ ವ್ಯತ್ಯಾಸವನ್ನು ಇಲ್ಲಿಯೇ ಹೇಳಬೇಕು. ಮೊದಲನೆಯದು ದಾಖಲೆಯಲ್ಲಿ ಈಗ ಏನಿದೆ ಎಂದು ನೋಡುತ್ತದೆ. ಎರಡನೆಯದು, ಓಡುತ್ತಿರುವ ಪ್ರೋಸೆಸ್‌ಗೆ ಕರ್ನಲ್ ಕೊಟ್ಟಿರುವ ಹೆಚ್ಚುವರಿ ಗುಂಪುಗಳನ್ನು ಹೇಳುತ್ತದೆ. ಲಾಗಿನ್ ಆದಾಗ ನಿಗದಿಯಾದ ಪಟ್ಟಿ ಆ ಸೆಷನ್ ಮುಗಿಯುವವರೆಗೂ ತಾನಾಗಿ ಬದಲಾಗುವುದಿಲ್ಲ. ಬಳಕೆದಾರರನ್ನು ಹೊಸ ಗುಂಪಿಗೆ ಸೇರಿಸಿದ ಮೇಲೂ ಅನುಮತಿ ಸಿಗುತ್ತಿಲ್ಲ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ ಕಾರಣ. ಟರ್ಮಿನಲ್‌ನಲ್ಲಿ ಐಡಿ ಆದೇಶವನ್ನು ಹೆಸರಿಲ್ಲದೆ ಒಮ್ಮೆ, ಹೆಸರಿನೊಂದಿಗೆ ಒಮ್ಮೆ ಓಡಿಸಿದರೆ ಎರಡು ಬೇರೆ ಪಟ್ಟಿಗಳು ಬರುವುದನ್ನು ಕಣ್ಣಾರೆ ನೋಡಬಹುದು.

ದೋಷಗಳನ್ನು ವರದಿ ಮಾಡುವ ರೀತಿಯಲ್ಲಿ ಜಿಆರ್‌ಪಿ ನನಗೆ ತೃಪ್ತಿ ಕೊಟ್ಟಿಲ್ಲ. ಗುಂಪು ಸಿಗದಿದ್ದರೆ ಅದು ಕೀಎರರ್ ಎಂಬ ದೋಷವನ್ನು ಎಸೆಯುತ್ತದೆ, ಅಷ್ಟರಮಟ್ಟಿಗೆ ಸರಿ. ಆದರೆ ಹುಡುಕಾಟವೇ ನಡುವೆ ವಿಫಲವಾದರೂ ಬರುವುದು ಸಾಮಾನ್ಯವಾಗಿ ಅದೇ ಕೀಎರರ್. ಗುಂಪು ಇಲ್ಲ ಎಂಬುದಕ್ಕೂ ಇದೆಯೋ ಇಲ್ಲವೋ ಈಗ ಹೇಳಲಾಗದು ಎಂಬುದಕ್ಕೂ ಭದ್ರತೆಯ ದೃಷ್ಟಿಯಿಂದ ಅಜಗಜಾಂತರವಿದೆ. ಸಿ ಭಾಷೆಯಲ್ಲಿ ಈ ಭೇದವನ್ನು ಕಾಣುವ ಅವಕಾಶವಾದರೂ ಇದೆ: ಹೆಸರಿನ ಕೊನೆಯಲ್ಲಿ ಅಂಡರ್‌ಸ್ಕೋರ್ ಆರ್ ಇರುವ ಥ್ರೆಡ್-ಸುರಕ್ಷಿತ ಆವೃತ್ತಿಯು ಗುಂಪು ಇಲ್ಲದಿದ್ದರೆ ಸೊನ್ನೆಯನ್ನು ಹಿಂತಿರುಗಿಸಿ ಫಲಿತಾಂಶದ ಪಾಯಿಂಟರನ್ನು ನಲ್ (ಖಾಲಿ) ಮಾಡುತ್ತದೆ, ದೋಷವಾದರೆ ದೋಷದ ಸಂಖ್ಯೆಯನ್ನೇ ಕೊಡುತ್ತದೆ.

ಸಿ ಆವೃತ್ತಿಯ ತೊಂದರೆ ಬೇರೆಯದು. ಫಲಿತಾಂಶ ಇಡುವ ಬಫರನ್ನು (ಮೆಮೊರಿಯ ಜಾಗವನ್ನು) ನಾವೇ ಒದಗಿಸಬೇಕು, ಎಷ್ಟು ದೊಡ್ಡದು ಬೇಕೆಂದು ಮೊದಲೇ ತಿಳಿಯುವ ದಾರಿ ಇಲ್ಲ. ವ್ಯವಸ್ಥೆಯ ಮಿತಿಗಳನ್ನು ಹೇಳುವ ಸಿಸ್‌ಕಾನ್ಫ್ ಫಂಕ್ಷನ್ ಮೂಲಕ ಕೇಳಿದರೆ ಜಿಲಿಬ್‌ಸಿ 1024 ಬೈಟ್ ಎನ್ನುತ್ತದೆ. ಅದು ಆರಂಭಕ್ಕೊಂದು ಸಲಹೆಯೇ ಹೊರತು ಮೇಲ್ಮಿತಿಯಲ್ಲ. 8 ಅಕ್ಷರದ ಹೆಸರಿಗೆ 9 ಬೈಟ್, ಅದರ ಪಾಯಿಂಟರ್‌ಗೆ 8 ಬೈಟ್ ಎಂದು ಲೆಕ್ಕ ಹಾಕಿದರೆ ಸುಮಾರು 60 ಸದಸ್ಯರಿಗೇ ಆ ಜಾಗ ತುಂಬಿಹೋಗುತ್ತದೆ. ಆಗ ಬರುವ, ಜಾಗ ಸಾಲದು ಎನ್ನುವ ಇರೇಂಜ್ ದೋಷವನ್ನು ಹಿಡಿದು, ಬಫರನ್ನು ದುಪ್ಪಟ್ಟು ಮಾಡಿ, ಮತ್ತೆ ಕೇಳಬೇಕು. ಪರೀಕ್ಷೆಯ ಯಂತ್ರದಲ್ಲಿರುವ ನಾಲ್ಕು ಜನರ ಗುಂಪಿನಲ್ಲಿ ಈ ಕೊರತೆ ಎಂದೂ ಬಯಲಾಗುವುದಿಲ್ಲ ಎಂಬುದೇ ಇದರ ಅಪಾಯ. ಪೈಥಾನ್‌ನ ಇತ್ತೀಚಿನ ಆವೃತ್ತಿಗಳು ಈ ಕೆಲಸವನ್ನು ಒಳಗೇ ಮುಗಿಸಿಕೊಡುತ್ತವೆ. ನೇರವಾಗಿ ಸಿ ಬರೆಯುವ ಅಗತ್ಯವಿಲ್ಲದವರು ಜಿಆರ್‌ಪಿಯನ್ನೇ ಆರಿಸಿಕೊಳ್ಳಲು ಇದೊಂದು ಗಟ್ಟಿ ಕಾರಣ.

ಗೋ ಭಾಷೆಯ ಓಎಸ್ ಯೂಸರ್ ಪ್ಯಾಕೇಜನ್ನೂ ಜೊತೆಗೆ ನೋಡಿದೆ. ಗುಂಪನ್ನು ಹುಡುಕುವ ಸೌಲಭ್ಯ ಅದರಲ್ಲಿ 1.7 ಆವೃತ್ತಿಯಿಂದ ಇದೆ, ಬಳಕೆದಾರರಿಂದ ಗುಂಪುಗಳತ್ತ ಹೋಗುವ ಗ್ರೂಪ್‌ಐಡಿಸ್ ಮೆಥಡ್ ಅದೇ ಪ್ಯಾಕೇಜಿನಲ್ಲಿಯೇ ಇದೆ. ಗುಂಪು ಇಲ್ಲದಿದ್ದಾಗ ಬರುವ ದೋಷಕ್ಕೆ ಪ್ರತ್ಯೇಕ ಟೈಪ್ ಇಟ್ಟಿರುವುದರಿಂದ ಈ ಎರಡು ವಿಷಯಗಳಲ್ಲಿ ಅದು ಪೈಥಾನ್‌ಗಿಂತ ಅಚ್ಚುಕಟ್ಟಾಗಿದೆ. ಆದರೆ ಅದರೊಳಗೆ ಎರಡು ಅಳವಡಿಕೆಗಳಿವೆ: ಒಂದು ಸಿ ಲೈಬ್ರರಿಯನ್ನು ಕೇಳುತ್ತದೆ, ಇನ್ನೊಂದು ಗೋ ಭಾಷೆಯಲ್ಲೇ ಬರೆದಿರುವಂಥದು, ಗ್ರೂಪ್ ಫೈಲನ್ನಷ್ಟೇ ಓದುತ್ತದೆ. ಗೋ ಪ್ರೋಗ್ರಾಂಗೆ ಸಿ ಕೋಡ್ ಜೋಡಿಸುವ ಸಿಗೋ ಇಲ್ಲದೆ ಬಿಲ್ಡ್ ಮಾಡಿದರೆ ಎರಡನೆಯದು ಬಳಕೆಗೆ ಬಂದು, ಕೇಂದ್ರ ಡೈರೆಕ್ಟರಿಯ ಗುಂಪುಗಳು ಸದ್ದಿಲ್ಲದೆ ಕಣ್ಮರೆಯಾಗುತ್ತವೆ. ಜಿಲಿಬ್‌ಸಿಯನ್ನು ಸ್ಟ್ಯಾಟಿಕ್ ಆಗಿ, ಅಂದರೆ ಪ್ರೋಗ್ರಾಂ ಫೈಲ್‌ನೊಳಗೇ, ಸೇರಿಸುವವರಿಗೂ ಇದೇ ಬಗೆಯ ಗಂಡಾಂತರವಿದೆ. ಹಾಗೆ ಜೋಡಿಸುವ ಸಾಧನವಾದ ಲಿಂಕರ್ ಎಚ್ಚರಿಕೆ ಕೊಡುತ್ತದೆ, ಅದನ್ನು ಕಡೆಗಣಿಸಬಾರದು. ಇನ್ನೊಂದು ಸಿ ಲೈಬ್ರರಿಯಾದ ಮಸಲ್‌ನಲ್ಲಂತೂ ಎನ್‌ಎಸ್‌ಎಸ್ ಇಲ್ಲವೇ ಇಲ್ಲ, ಆಲ್ಪೈನ್ ಎಂಬ ಚಿಕ್ಕ ಲಿನಕ್ಸ್ ಆಧಾರಿತ ಕಂಟೇನರ್ ಚಿತ್ರಿಕೆಗಳಲ್ಲಿ ಇರುವುದು ಅದೇ. ನಿಮ್ಮ ಪ್ರೋಗ್ರಾಂ ನಿಜವಾಗಿ ಓಡುವ ಯಂತ್ರ ಅಥವಾ ಕಂಟೇನರ್‌ನ ಒಳಗೆ ಹೊಕ್ಕು, ಕೇಂದ್ರ ಡೈರೆಕ್ಟರಿಯಲ್ಲಿ ಮಾತ್ರ ಇರುವ ಒಂದು ಗುಂಪಿನ ಹೆಸರನ್ನು ದಾಖಲೆಗಳನ್ನು ಹುಡುಕಿ ತೋರಿಸುವ ಗೆಟೆಂಟ್ ಆದೇಶಕ್ಕೂ ನಿಮ್ಮ ಪ್ರೋಗ್ರಾಂಗೂ ಕೊಟ್ಟು ನೋಡಿ. ಎರಡೂ ಒಂದೇ ಸಂಖ್ಯೆಯನ್ನು ಹೇಳಿದರೆ ಮಾತ್ರ ಅನುಮತಿಯ ತರ್ಕವನ್ನು ಅದರ ಮೇಲೆ ಕಟ್ಟಲು ತೊಡಗಿ.