ಮೆಣಸಿನಕಾಯಿ ಸಸಿ ಎಲೆ ಮುದುಡಿದ್ರೆ ಬೇವಿನೆಣ್ಣೆನಾ, ಗಂಧಕನಾ?

ಮೊದಲು ಎಲೆ ಯಾವ ಕಡೆ ಮುದುಡಿದೆ ನೋಡಿ. ಅಂಚು ಮೇಲಕ್ಕೆ ಎದ್ದು ದೋಣಿ ತರ ಆಗಿದ್ರೆ ಹೆಚ್ಚಾಗಿ ಥ್ರಿಪ್ಸ್ (ಎಲೆ ರಸ ಹೀರೋ ಸಣ್ಣ ಹುಳ), ಅದೇ ದೋಣಿ ಕವುಚಿ ಹಾಕಿದಂಗೆ ಕೆಳಕ್ಕೆ ಬಾಗಿ ತೊಟ್ಟು ಉದ್ದ ಆಗಿದ್ರೆ ಮೈಟ್ಸ್ (ಜೇಡದ ಜಾತಿಯ ನುಸಿ) ಅನ್ಕೊಳ್ಳಿ. ಕುಡಿ ಕೆಳಗೆ ಬಿಳಿ ಪೇಪರ್ ಹಿಡಿದು ಮೆಲ್ಲಗೆ ತಟ್ಟಿ, ಸಣ್ಣ ಹಳದಿ ಗೀಟಿನಂಥದ್ದು ಓಡಾಡಿದ್ರೆ ಥ್ರಿಪ್ಸೇ. ಮೈಟ್ಸ್ ಬರಿಗಣ್ಣಿಗೆ ಕಾಣಲ್ಲ, ಲೆನ್ಸ್ ಬೇಕು.

ಥ್ರಿಪ್ಸ್‌ಗೆ ನನ್ನ ಓಟು ಬೇವಿನೆಣ್ಣೆಗೆ. ಲೀಟರ್ ನೀರಿಗೆ 5 ಎಂಎಲ್, ಎಣ್ಣೆ ಬೆರೆಯೋಕೆ ಚೂರು ಸೋಪು, ಸಂಜೆ ಹೊತ್ತು ಎಲೆ ಅಡಿಭಾಗ ನೆನೆಯೋ ಹಾಗೆ, ವಾರಕ್ಕೊಂದ್ಸಲ. ತೀರಾ ಎಳೆ ಸಸಿ ಆದ್ರೆ ಅರ್ಧ ಡೋಸ್ ಸಾಕು (ನಾನು ಮಧ್ಯಾಹ್ನ ಬಿಸಿಲಲ್ಲಿ ಹೊಡೆದು ಒಂದು ಟ್ರೇ ಪೂರ್ತಿ ಸುಟ್ಕೊಂಡಿದೀನಿ). ಹುಳ ತಕ್ಷಣ ಸಾಯಲ್ಲ, ತಾಳ್ಮೆ ಬೇಕು.

ಮೈಟ್ಸ್ ಆದ್ರೆ ನೀರಲ್ಲಿ ಬೆರೆಯೋ ಗಂಧಕದ ಪುಡಿನೇ ವಾಸಿ, ಅಳತೆ ಪ್ಯಾಕೆಟ್ ಮೇಲಿದ್ದಷ್ಟೇ. ಆದ್ರೆ 32 ಡಿಗ್ರಿ ದಾಟೋ ಸೆಕೆಲಿ ಬೇಡ, ಬೇವಿನೆಣ್ಣೆ ಹೊಡೆದಿದ್ರೆ 2 ವಾರ ಬಿಟ್ಟೇ ಹೊಡೀರಿ, ಇಲ್ಲಾಂದ್ರೆ ಎಲೆ ಸುಡುತ್ತೆ.

ಕೆಳಗಿನ ಎಲೆ ಮಾತ್ರ ಹಳದಿ ಆಗಿದ್ರೆ ಎರಡೂ ಬೇಡ, ನೀರು ಜಾಸ್ತಿ ಆಗಿರುತ್ತೆ ಇಲ್ಲಾ ನೈಟ್ರೋಜನ್ ಕಮ್ಮಿ. ಇನ್ನೊಂದು, ಮುದುಡಿದ ಎಲೆ ಮತ್ತೆ ನೆಟ್ಟಗಾಗಲ್ಲ, ಔಷಧಿ ಹತ್ತಿತಾ ಅಂತ ಹೊಸ ಕುಡಿ ನೋಡಿ ಹೇಳ್ಬೇಕು.